ನೆಲಕ್ಕಿಳಿದ ಪೈಪು

ನಮ್ಮ ವಾಷಿಂಗ್ ಮೆಷಿನ್ನಿನ ಕೊಳೆನೀರಿನ ಪೈಪು ಎರಡು ವರ್ಷ ಬಚ್ಚಲ ನೆಲದ ಮೇಲೇ ಬಿದ್ದಿತ್ತು. "ಅದನ್ನ ಎತ್ತಿ ಕಟ್ಟೇ, ಯಾರಾದ್ರೂ ಜಾರಿ ಬೀಳ್ತಾರೆ" ಎಂದು ಅತ್ತೆ ಹೇಳುತ್ತಲೇ ಇದ್ದರು. ನಾನು ಕಟ್ಟಲಿಲ್ಲ. ಕೊನೆಗೆ ಜಾರಿ ಬಿದ್ದವರು ಅವರೇ, ಮತ್ತೆ ಏಳಲಿಲ್ಲ. "ಕಟ್ಟಿದ್ದೆ, ಬಿಚ್ಕೊಂಡಿರಬೇಕು" ಎಂದು ಗಂಡನಿಗೆ ಸುಳ್ಳು ಹೇಳಿದೆ.

ತಿಂಗಳ ನಂತರ ಪ್ಲಂಬರ್ ಬಂದು, ಗೋಡೆಗೆ ಸೊಂಟದೆತ್ತರದ ಕೊಳವೆ ನಿಲ್ಲಿಸಿ, ಪೈಪಿನ ತುದಿಯನ್ನು ಅದರೊಳಗೆ ಇಳಿಬಿಟ್ಟು ಕ್ಲಾಂಪ್ ಬಿಗಿದ. "ಇನ್ನು ಆನೆ ಎಳೆದ್ರೂ ಬರಲ್ಲ, ಅಕ್ಕಾ" ಎಂದ.

ಮರುದಿನ ಬೆಳಿಗ್ಗೆ ಪೈಪು ನೆಲದ ಮೇಲಿತ್ತು, ಹಳೆಯ ಜಾಗದಲ್ಲೇ. ಮೆಷಿನ್ ಓಡಿಸಿರಲಿಲ್ಲ, ಆದರೂ ಸುತ್ತ ಸೋಪಿನ ನೀರು ನಿಂತಿತ್ತು. ಮುಟ್ಟಿದರೆ ಉಗುರುಬೆಚ್ಚಗಿತ್ತು. ನಮ್ಮ ಮೆಷಿನ್ನಿಗಿರುವುದು ತಣ್ಣೀರಿನ ನಲ್ಲಿ ಮಾತ್ರ.

ಪ್ಲಂಬರ್ ಮತ್ತೆ ಬಂದು ಇನ್ನೊಂದು ಕ್ಲಾಂಪ್ ಹಾಕಿ, ಯಾರಾದರೂ ಬಿಚ್ಚಿದರೆ ಗೊತ್ತಾಗಲೆಂದು ಸ್ಕ್ರೂಗಳ ಮೇಲೆ ಬಣ್ಣ ಬಳಿದ. ಇವರು ಬಾಗಿಲಲ್ಲಿ ನಿಂತು, "ಪಾಪ, ಇವಳು ಆಗಲೂ ಕಟ್ಟಿದ್ಲು, ನಿಲ್ಲಲಿಲ್ಲ" ಎಂದರು.

ಮೂರನೆಯ ಸಲ ಬಂದಾಗ ಪ್ಲಂಬರ್ ತಮಾಷೆ ಮಾಡಲಿಲ್ಲ. ಎರಡೂ ಕ್ಲಾಂಪ್ ಬಿಗಿಯಾಗಿ ಗೋಡೆಯಲ್ಲೇ ಇದ್ದವು. ಸ್ಕ್ರೂಗಳ ಬಣ್ಣ ಬಿರುಕು ಸಹ ಬಿಟ್ಟಿರಲಿಲ್ಲ. ಪೈಪು ಮಾತ್ರ ನೆಲದ ಮೇಲಿತ್ತು.

"ಅಕ್ಕಾ, ನಿಜ ಹೇಳಿ, ಬಿಚ್ಚಿದ್ಯಾರು?"

ಇವರೂ ನನ್ನತ್ತ ತಿರುಗಿದರು.

"ನನಗೆ ಗೊತ್ತಿಲ್ಲ" ಎಂದೆ. ಆ ಪೈಪಿನ ವಿಷಯದಲ್ಲಿ ನಾನು ಇವರೆದುರು ಆಡಿದ ನಿಜ ಅದೊಂದೇ. ಇವರು ಅದನ್ನು ನಂಬಲಿಲ್ಲ.