ಮುಳುಗಿದ ಪಟ್ಟಣದ ಬಾಗಿಲು

"ಏನ್ರೀ ಮಾಡ್ಬಿಟ್ರಿ ನೀವು!"

ಮಾನಸಾ ಕಿರುಚಿದ್ದು ನಡುಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದವರಿಗೆಲ್ಲ ಕೇಳಿಸಿತು.

ಅರಕಲಗೂಡಿನ ಆ ಮನೆಗೆ ದಂಡಿಗನಹಳ್ಳಿಯಿಂದ ಹೆಣ್ಣು ನೋಡಲು ಬಂದಿದ್ದರು. ಹುಡುಗ ಮಧುಕುಮಾರ್, ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. ಇಬ್ಬರೂ ಒಂದೈದು ನಿಮಿಷ ಮಾತಾಡಿಕೊಳ್ಳಲಿ ಎಂದು ಹಿರಿಯರು ಅವಳ ಕೋಣೆಗೆ ಕಳಿಸಿದ್ದರು. ಮಾತಾಡಿದರೆ ತಾನೇ! ಒಳಗೆ ಕಾಲಿಟ್ಟವನೇ ಅವಳ ಹಳೇ ಕಂಪ್ಯೂಟರಿನ ಪರದೆ ಮೇಲಿದ್ದ ಆಟ ನೋಡಿ ಕಣ್ಣರಳಿಸಿದ.

"ಅಯ್ಯೋ, ಈ ಆಟ ಇನ್ನೂ ಇಟ್ಕೊಂಡಿದ್ದೀರಾ? ನಾನೂ ಹುಚ್ಚು ಹಿಡ್ದಂಗೆ ಆಡಿದ್ದೆ ಕಣ್ರೀ!"

ಕಡಲಲ್ಲಿ ಮುಳುಗಿದ ಪಟ್ಟಣ ಹುಡುಕಿ ಹೊರಡುವ ಪುರಾತತ್ವಜ್ಞನೊಬ್ಬನ ಹಳೇ ಆಟ ಅದು. ಅದನ್ನು ಬಲ್ಲ ಒಬ್ಬ ಮನುಷ್ಯನನ್ನೂ ಮಾನಸಾ ಅಲ್ಲಿಯವರೆಗೆ ಕಂಡಿರಲಿಲ್ಲ. ಎದೆ ಝಲ್ಲೆಂದಿತು... ಇವನೇ ಆಗಲಿ ದೇವರೇ!

ದೇವರು ಕೇಳಿಸಿಕೊಂಡನೋ ಇಲ್ಲವೋ, ಮಧು ಮೌಸ್ ಹಿಡಿದ. ಅವಳ ಕಡೆ ತಿರುಗಿಯೂ ನೋಡದೆ ಹೊಸ ಆಟ ಶುರು ಮಾಡಿದ. ಸ್ವಲ್ಪ ಆಡಿದ. ಅವಳು ಉಳಿಸಿಟ್ಟಿದ್ದ ಆಟದ ಮೇಲೆಯೇ ಸೇವ್ ಒತ್ತಿಬಿಟ್ಟ! ಅವಳದು ಪೂರ್ತಿ ಅಳಿಸಿಹೋಯಿತು.

ವರ್ಷಗಟ್ಟಲೆ ಆಡಿದ ಆಟ! ಹೊಳೆನರಸೀಪುರದಲ್ಲಿ ಕೆಲಸ ಮುಗಿಸಿ, ಬಸ್ಸಲ್ಲಿ ನಿಂತುಕೊಂಡೇ ಬಂದು, ಪಾತ್ರೆ ತೊಳೆದು, ಆಮೇಲೆ ಸಿಕ್ಕ ಚೂರುಪಾರು ಹೊತ್ತಿನಲ್ಲಿ ಆಡಿದ್ದು.

"ಪಟ್ಟಣದ ಕಲ್ಲಿನ ಬಾಗ್ಲವರ್ಗೂ ಹೋಗಿದ್ದೆ ಕಣ್ರೀ! ಅದ್ರ ಬೀಗದ್ ಚಕ್ರಗಳ್ನ ತಿರುಗ್ಸಿ ತಿರುಗ್ಸಿ ಸಾಕಾಗಿ..."

"ಸಾರಿ ಕಣ್ರೀ, ಆ ಬಾಗ್ಲು ತೆಗೆಯೋದು ನಂಗೊತ್ತು, ಹೇಳ್ಕೊಡ್ತೀನಿ..."

"ಹೇಳ್ಬೇಡಿ! ಎದ್ದೋಗಿ ಮೊದ್ಲು!"

ಎದ್ದು ಹೋದ. ಜೊತೆಗೆ ಬಂದವರೂ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೆ ಮಾನಸಾಗೆ ಮನೆಯವರೆಲ್ಲ ಸೇರಿ ಮಂಗಳಾರತಿ ಎತ್ತಿದರು.

"ಆಟಕ್ಕೋಸ್ಕರ ಗಂಡನ್ನ ಬೈದ್ ಕಳಿಸ್ಬುಟ್ಟಲ್ಲವ್ವಾ! ನೀನೇನ್ ಎಳೇ ಕೂಸಾ?" ಎಂದಳು ಅಜ್ಜಿ ಬೆಳ್ಳಮ್ಮ.

"ಅವ್ರು ನನ್ ಮುಖಾನೇ ನೋಡ್ಲಿಲ್ಲ ಅಜ್ಜಿ! ಕಂಪ್ಯೂಟರ್ ನೋಡಕ್ಕೆ ಬಂದಿದ್ರಾ?"

"ನಿಮ್ ತಾತ ತಾಳಿ ಕಟ್ಟೋಗಂಟ ನನ್ ಮಕ ನೋಡಿರ್ನಿಲ್ಲ ಕಣವ್ವಾ. ನಾವ್ ಬಾಳ್ನಿಲ್ವಾ?"

ಮಾನಸಾ ದಿಂಬಿಗೆ ಮುಖ ಒತ್ತಿ ಅತ್ತಳು. ಆಟ ಹೋಯಿತು, ಹಾಳಾಗಲಿ. ಆ ಆಟ ಬಲ್ಲ ಒಬ್ಬನೇ ಒಬ್ಬನನ್ನೂ ಓಡಿಸಿಬಿಟ್ಟೆನಲ್ಲ! ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು. ಒಂದು ಫೋನಾದರೂ ಮಾಡಬಾರದಾ?

ಮಾಡಲಿಲ್ಲ ಪುಣ್ಯಾತ್ಮ. ವಾರಗಳೇ ಕಳೆದವು. ಹೊಸದಾಗಿ ಆಡೋಣವೆಂದು ಕೂತರೆ ಶುರುವಿನಲ್ಲೇ ಕೈ ಸೋಲುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಮನೆ ಮುಂದೆ ಬೈಕ್ ನಿಂತಿತು. ಮಧುಕುಮಾರ್! ಕೈಯಲ್ಲೊಂದು ಪೆನ್‌ಡ್ರೈವ್.

"ಯಾಕ್ ಬಂದ್ರಿ? ಫೋನ್ ಮಾಡಕ್ಕೇನಾಗಿತ್ತು?"

"ಬರೀ ಸಾರಿ ಹೇಳಿದ್ರೆ ಏನ್ ಬಂತು? ಕಳ್ದಿದ್ದು ತಂದ್ಕೊಡ್ಬೇಕಿತ್ತು. ಒಂದ್ಸಲ ಹಾಕಿ ನೋಡಿ."

ಹಾಕಿದಳು. ಅದೇ ಕಲ್ಲಿನ ಬಾಗಿಲು! ಅದರ ಮುಂದೆ ಲಾಟೀನು ಹಿಡಿದು ನಿಂತ ಅದೇ ಪುರಾತತ್ವಜ್ಞ. ಚಕ್ರಗಳನ್ನು ಯಾರೂ ಮುಟ್ಟಿರಲಿಲ್ಲ.

"ಅಂಗ್ಡೀಲಿ ಗಿರಾಕಿ ಇಲ್ದಾಗೆಲ್ಲ ಮೊದಲಿಂದ ಆಡ್ದೆ. ಅರ್ಧ ಮರ್ತೋಗಿತ್ತು. ಮುಳುಗಿ ಮುಳುಗಿ ಸತ್ತೆ ಕಣ್ರೀ..."

"ಬಾಗ್ಲು ತೆಗೆಯೋದು ಗೊತ್ತಲ್ಲ ನಿಮ್ಗೆ. ಯಾಕ್ ತೆಗೀಲಿಲ್ಲ?"

"ಅದು ನಿಮ್ ಬಾಗ್ಲು. ನಾನ್ಯಾಕ್ ತೆಗೀಲಿ?"

ಅವಳು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟೆಲ್ಲ ಕಣ್ಣೀರಾಗಿ ಬಂತು. ಆದರೂ ಕೇಳದೆ ಬಿಡುವವಳಲ್ಲ!

"ಅವತ್ತು ನನ್ ಮುಖ ಯಾಕ್ ನೋಡ್ಲಿಲ್ಲ?"

ಮಧು ತಲೆ ಕೆರೆದುಕೊಂಡ. "ಕಾಫಿ ತಂದಾಗ ನೋಡಿದ್ನಲ್ಲ... ಆಮೇಲೆ ತಲೆ ಎತ್ತಕ್ಕೇ ಆಗ್ಲಿಲ್ಲ. ನಾಚ್ಕೆ ಕಾಣ್ದಿರ್ಲಿ ಅಂತ ಮೌಸ್ ಹಿಡ್ಕೊಂಡೆ. ಅಷ್ಟು ಇಷ್ಟ ಆಗೋಗಿದ್ರಿ."

ಅಡುಗೆಮನೆಯಿಂದ ಅಜ್ಜಿಯ ದನಿ ಕೇಳಿಸಿತು. "ಮಾನ್ಸಾ, ಆ ಗಂಡಿಗೆ ಕಾಪಿ ಕೊಡ್ತೀಯಾ, ಇಲ್ಲ ಇವತ್ತೂ ಬೈದ್ ಕಳುಸ್ತೀಯಾ?"

ಮಾನಸಾ ಕಣ್ಣೊರೆಸಿಕೊಂಡು ಇನ್ನೊಂದು ಕುರ್ಚಿ ಎಳೆದಳು.

"ಕೂತ್ಕೊಳ್ಳಿ. ಚಕ್ರ ನಾನೇ ತಿರುಗಿಸ್ತೀನಿ. ಬಾಯಿ ಬಿಟ್ರೆ ನೋಡಿ ಮತ್ತೆ!"

"ಬಿಡಲ್ಲ. ಎಷ್ಟೊತ್ತಾಗ್ಬೋದು?"

"ಗೊತ್ತಿಲ್ಲ. ವರ್ಷಾನೇ ಆಗ್ಬೋದು."

"ಆಗ್ಲಿ ಬಿಡಿ," ಎಂದ ಮಧು, ಈ ಸಲ ಅವಳ ಮುಖವನ್ನೇ ನೋಡುತ್ತಾ. "ಇನ್ಮೇಲೆ ನೀವ್ ಹೇಳಿದ್ರೂ ನಾನ್ ಎದ್ದೋಗಲ್ಲ."