ಮಕ್ತುಂಬಿಯ ಬಾಗಿಲು

ಅಲಮಾರಿಯ ಕೊಂಡಿ ಕಿತ್ತು ನೇತಾಡುತ್ತಿತ್ತು. ಒಳಗೆ ಎರಡು ಲ್ಯಾಪ್‌ಟಾಪು, ಒಂದು ಪ್ರೊಜೆಕ್ಟರು ಇದ್ದಲ್ಲೇ ಇದ್ದವು. ಹೋಗಿದ್ದು ಒಂದು ಬಟ್ಟೆಚೀಲ ಮಾತ್ರ. ಅದರಲ್ಲಿ ಅಂಗೈಯಗಲದ ಒಂದು ರೆಕಾರ್ಡರ್.

"ಕಳ್ಳ ಭಾಳ ಸಂಭಾವಿತ ಇದ್ದಾನ್ ನೋಡ್ ಅಯಾಜ್," ಎಂದಳು ಪಿಎಸ್‌ಐ ಶಿವರಂಜನಿ. "ಲ್ಯಾಪ್‌ಟಾಪ್ ಬಿಟ್ಟು ಚೀಲ ಒಯ್ದಾನ."

ಕಾನ್‌ಸ್ಟೇಬಲ್ ಅಯಾಜ್ ನಗಲಿಲ್ಲ. ಮೂಲೆಯಲ್ಲಿ ಹುಡುಗಿಯೊಬ್ಬಳು ಅಳುತ್ತ ಕುಳಿತಿದ್ದಳು.

ಸುರಪುರದ ಕಾಲೇಜೊಂದರ ಇಂಗ್ಲಿಷ್ ವಿಭಾಗ ಅದು. ಹುಡುಗಿ ಗುರುದೇವಿ, ಹುಣಸಗಿಯವಳು, ಎಂ.ಎ. ಕೊನೆಯ ವರ್ಷ. ಭಾಷಾವಿಜ್ಞಾನ ಆರಿಸಿಕೊಂಡಿದ್ದಳು. ಇಲ್ಲಿನ ಮುಸಲ್ಮಾನರ ಮನೆಗಳಲ್ಲಿ ದಖನಿ ಉರ್ದುವೂ ಕನ್ನಡವೂ ಹೇಗೆ ಒಂದೇ ಒಲೆಯ ಮೇಲೆ ಬೇಯುತ್ತವೆ ಎಂದು ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದಳು. ಸೋಮವಾರ ವೈವಾ. ಪರೀಕ್ಷಕರಿಗೆ ದನಿ ಕೇಳಿಸಬೇಕು. ದನಿ ಇಲ್ಲದಿದ್ದರೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದಿದ್ದರೆ ಹೈದರಾಬಾದಿನಲ್ಲಿ ಸಿಕ್ಕಿದ್ದ ಪಿಎಚ್‌ಡಿ ಸೀಟು ಇನ್ಯಾರದೋ ಪಾಲು.

"ನಕಲು ಇಟ್ಟಿಲ್ಲೇನು?"

"ಗೈಡ್ ಬ್ಯಾಡ ಅಂದ್ರು ಮೇಡಂ. ಕಂಡಕಂಡಲ್ಲಿ ಇಟ್ರ ಮಂದಿ ಕದೀತಾರ ಅಂದ್ರು. ಇದೇ ಅಲಮಾರಿನ್ಯಾಗ ಇಡು ಅಂದ್ರು."

ಗೈಡ್ ಡಾಕ್ಟರ್ ವಿಶ್ವರಾಧ್ಯ ಬಾಗಿಲಲ್ಲೇ ನಿಂತಿದ್ದ. ಇಸ್ತ್ರಿ ಅಂಗಿ, ಇಸ್ತ್ರಿ ಕನ್ನಡ.

"ಮೇಡಂ, ಅಸದ ಅಂತ ಒಬ್ಬ ವಿದ್ಯಾರ್ಥಿ ಇದ್ದಾನೆ. ಈಕೆ ಅವನ ಅಜ್ಜಿಯ ಮಾತನ್ನೇ ರೆಕಾರ್ಡ್ ಮಾಡಿದ್ದು. ಹೋದ ವಾರ ಎಲ್ಲರೆದುರು ಈಕೆಗೆ ಬೈದ. ನಿನ್ನೆ ಸಂಜೆ ಈ ಕೋಣೆಯ ಕೀಲಿ ಅವನ ಹತ್ತಿರವೇ ಇತ್ತು. ಆ ಓಣಿಯವರ ಸಿಟ್ಟು ನಿಮಗೆ ಗೊತ್ತಲ್ಲ."

"ಗೊತ್ತಿಲ್ರಿ ಸರ್. ಹೆಂಗಿರ್ತದ, ಹೇಳ್ರಿ."

ವಿಶ್ವರಾಧ್ಯ ಕನ್ನಡಕ ಒರೆಸಿಕೊಂಡ.

*

ಮಧ್ಯಾಹ್ನದೊಳಗೆ ಕಾಲೇಜು ಅಸದನನ್ನು ಅಮಾನತು ಮಾಡಿತ್ತು. ವಿಚಾರಣೆಗೆ ಮೊದಲೇ ತೀರ್ಪು. ಇಂಥ ಕೆಲಸದಲ್ಲಿ ಮಾತ್ರ ನಮ್ಮ ಕಚೇರಿಗಳಿಗೆ ರೆಕ್ಕೆ ಬರುತ್ತವೆ.

ಠಾಣೆಯ ಬೆಂಚಿನ ಮೇಲೆ ಹುಡುಗ ಬೆನ್ನು ಸೆಟೆದು ಕುಳಿತಿದ್ದ.

"ಜಗಳ ಮಾಡಿದಿ?"

"ಮಾಡಿದೆ ಮೇಡಂ. ಸರ್ ನಮ್ಮ ದಾದಿಮಾನ ಮಾತು ಕ್ಲಾಸಿನ್ಯಾಗ ಹಚ್ಚಿದ್ರು. ಇದು ಭಾಷೆ ಅಲ್ಲ, ಕಿಚಡಿ ಅಂದ್ರು. ಇಡೀ ಕ್ಲಾಸ್ ನಕ್ಕಿತು. ಗುರುದೇವಿ ಬಾಯಿ ಬಿಡ್ಲಿಲ್ಲ. ಅದಕ್ಕ ಅಕೀಗೆ ಬೈದೆ."

"ಸರ್‌ಗೆ ಯಾಕ ಬೈಲಿಲ್ಲ?"

"ಮಾರ್ಕ್ಸ್ ಅವರ ಕೈಯಾಗ ಅದಾವಲ್ರಿ."

"ಕೀಲಿ?"

"ಓದ್ಲಿಕ್ಕೆ ಕುಂತಿದ್ದೆ. ಹೋಗೂ ಮುಂದ ಸರ್ ಕೈಯಾಗೇ ಕೊಟ್ಟು ಹೋದೆ."

"ಕೊಟ್ಟಿದ್ದಕ್ಕ ಸಾಕ್ಷಿ?"

ಅಸದ ತಲೆ ಅಲ್ಲಾಡಿಸಿದ. ಸಾಕ್ಷಿ ಇರಲಿಲ್ಲ. ಡಾಕ್ಟರೇಟಿನ ಮಾತಿನೆದುರು ಓಣಿಯ ಹುಡುಗನ ಮಾತು. ಯಾವುದು ನಿಲ್ಲುತ್ತದೆಂದು ಶಿವರಂಜನಿಗೆ ಗೊತ್ತಿತ್ತು. ವಡಗೇರಾದ ಶಾಲೆಯಿಂದ ಬಂದ ಅವಳ ಇಂಗ್ಲಿಷಿಗೂ ಒಂದು ಕ್ಲಾಸು ಹೀಗೆಯೇ ನಕ್ಕಿತ್ತು.

*

ಅಸದನ ಅಜ್ಜಿ ಮಕ್ತುಂಬಿಯ ಮನೆ ಮಸೀದಿಯ ಹಿಂದಿನ ಓಣಿಯಲ್ಲಿತ್ತು. ಗುರುದೇವಿ ದಾರಿ ತೋರಿಸಿದಳು. ಹಿಂದೆ ಅಯಾಜ್.

ಅಂಗಳದಲ್ಲಿ ಹೆಂಗಸರ ಗದ್ದಲ ಎದ್ದಿತ್ತು. ಅಯಾಜ್ ಹೊಸ್ತಿಲಿಗೆ ಕಾಲಿಟ್ಟ. ಗದ್ದಲ ನಿಂತೇಬಿಟ್ಟಿತು. ಒಬ್ಬಳು ಸೆರಗೆಳೆದುಕೊಂಡಳು, ಇನ್ನೊಬ್ಬಳು ಅಕ್ಕಿ ಆರಿಸತೊಡಗಿದಳು.

"ಏನ್ ಕೇಳ್ತೀಯವ್ವ, ಕೇಳು," ಎಂದಳು ಮಕ್ತುಂಬಿ ಪಿಎಸ್‌ಐಗೆ. ಕೇಳಿದ್ದಕ್ಕೆಲ್ಲ ಹೌದು, ಇಲ್ಲ. ಅಷ್ಟೇ.

ಗುರುದೇವಿ ಪಿಸುಗುಟ್ಟಿದಳು. "ಅಯಾಜ್ ಅಣ್ಣಾರನ್ನ ಹೊರಗ ಕಳಸ್ರಿ ಮೇಡಂ."

ಅಯಾಜ್ ಹೊರಗೆ ಹೋದ. ಬಾಗಿಲಿಗೆ ಅಗಳಿ ಬಿತ್ತು. ಮಾತು ಮತ್ತೆ ಹೊಯ್ಯೆಂದು ಸುರಿಯಿತು.

"ಪೊಲೀಸಮ್ಮ, ನಿಂದು ಲಗ್ನ ಆಗ್ಯಾದೇನು? ಇಲ್ಲ? ಆಗೂ ಮುಂದ ಹೇಳು. ನಿನ್ ಹಳದಿಗೆ ನಾನೇ ಹಾಡ್ತೀನಿ." ಹೇಳಿದ ಮಕ್ತುಂಬಿ ಕೇಳುವ ಮೊದಲೇ ಹಾಡಿಯೂಬಿಟ್ಟಳು. ಮದುಮಗಳಿಗೆ ಅರಿಶಿನ ಹಚ್ಚುವಾಗಿನ ಹಾಡು. ಮದುಮಗನ ಮೀಸೆಯಿಂದ ಶುರುವಾಗಿ ಎಲ್ಲೆಲ್ಲಿಗೋ ಇಳಿಯಿತು. ಗುರುದೇವಿ ಬಿದ್ದುಬಿದ್ದು ನಕ್ಕಳು, ಶಿವರಂಜನಿ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

"ಗಂಡಸರ ಮುಂದ ಇದನ್ನ ಹಾಡೂದಿಲ್ರಿ," ಎಂದಳು ಗುರುದೇವಿ. "ಅಸದನೂ ಕೇಳಿಲ್ಲ. ಯಾವ ಗಂಡಸಿಗೂ ಕೇಳ್ಸೂದಿಲ್ಲ ಅಂತ ಮಕ್ತುಂಬಿ ಅಮ್ಮಗ ಮಾತು ಕೊಟ್ಟೇ ರೆಕಾರ್ಡ್ ಮಾಡಿದ್ದು. ಪ್ರಬಂಧದಾಗ ಹಾಕಿಲ್ಲ. ಉಳಿದಿದ್ದೆಲ್ಲ ಗೈಡ್ ಕೇಳ್ಯಾರ. ಇದೊಂದು ಐತಿ ಅಂತ್ಲೂ ಹೇಳಿಲ್ಲ."

"ಅಗಳಿ ಹಾಕಿದ ಕೂಡ್ಲೆ ಮಾತೇ ಬದಲಾತಲ್ಲ."

"ಅದೇ ನಮ್ಮ ಮೊದಲನೇ ಪಾಠ ಮೇಡಂ. ಕೇಳೂವವ ಬಂದು ಕುಂತ ಅಂದ್ರ ಮಾತು ತನ್ನ ಮುಖ ಬದಲಿಸ್ತದ. ಮಾತು ಹಿಡೀಬೇಕಂದ್ರ ಮೊದಲು ನೀ ಯಾರು ಅಂತ ನೋಡ್ಕೊ. ವಿಶ್ವರಾಧ್ಯ ಸರೇ ಕಲಿಸ್ಯಾರ."

*

ಶನಿವಾರ ಯಾದಗಿರಿಯಲ್ಲಿ ವಿಚಾರಸಂಕಿರಣ. ಕೀಲಿಯ ಬಗ್ಗೆ ವಿಶ್ವರಾಧ್ಯನ ಹೇಳಿಕೆ ಪಡೆಯಲು ಶಿವರಂಜನಿ ಸಾದಾ ಸೀರೆಯಲ್ಲಿ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಳು. ಮುಂದಿನ ಸಾಲುಗಳ ತುಂಬ ಗಂಡಸರು.

ವಿಶ್ವರಾಧ್ಯ ಇಂಗ್ಲಿಷಿನಲ್ಲಿ ಮಾತಾಡಿದ. ಅಳಿಯುತ್ತಿರುವ ನುಡಿಯ ಸೊಬಗು ಎಂದ. ಕ್ಲಾಸಿನಲ್ಲಿ ಕಿಚಡಿಯಾಗಿದ್ದು ವೇದಿಕೆಯಲ್ಲಿ ಸೊಬಗಾಗಿತ್ತು. ಆಮೇಲೆ ಗುಂಡಿ ಒತ್ತಿದ.

ಸ್ಪೀಕರಿನಿಂದ ಮಕ್ತುಂಬಿಯ ದನಿ ಬಂತು. ಮದುಮಗನ ಮೀಸೆ. ಸಭೆ ಹೊಟ್ಟೆ ಹಿಡಿದು ನಕ್ಕಿತು.

ಶಿವರಂಜನಿ ಎದ್ದು ನಿಂತಳು.

"ಸರ್, ಒಂದು ಪ್ರಶ್ನೆ. ಕನ್ನಡದಾಗ ಕೇಳ್ಲೇನ್ರಿ?"

ಅವಳ ಗುರುತು ಹತ್ತಿ ಅವನ ನಗು ಅರ್ಧಕ್ಕೆ ನಿಂತಿತು. "ಕೇಳಿ."

"ಇದನ್ನ ಯಾರು ರೆಕಾರ್ಡ್ ಮಾಡಿದ್ರು?"

"ನಾನೇ. ಎರಡು ವರ್ಷದ ಹಿಂದೆ."

"ಗುರುದೇವಿ ಇದ್ಲೇನು?"

"ಆಗ ಆಕೆ ಇನ್ನೂ ಎಂ.ಎ. ಸೇರಿರಲಿಲ್ಲ."

"ನೀವು ಎಲ್ಲಿ ಕುಂತಿದ್ರಿ?"

"ಆಕೆಯ ಎದುರಿಗೇ, ಅಂಗಳದಲ್ಲಿ. ನಾನು ಕೇಳಿದೆ, ಆಕೆ ಹಾಡಿದಳು."

"ನೀವು ಎದುರಿಗೆ ಕುಂತಿದ್ರ ಆ ಮುದುಕಿ ಕೆಮ್ಮೂದೂ ಇಲ್ರಿ ಸರ್. ಹಾಡ್ತಾಳೇನು?"

ಶಿವರಂಜನಿ ಸಾಲು ದಾಟಿ ಮುಂದೆ ಬಂದಳು.

"ಸುರಪುರದಾಗ ನಾ ಕಣ್ಣಾರೆ ಕಂಡೀನಿ. ನಮ್ಮ ಪೇದೆ ಹೊಸ್ತಿಲು ತುಳಿದಿದ್ದಕ್ಕ ಇಡೀ ಅಂಗಳ ಮೂಕಾತು. ಈ ಹಾಡಿಗೆ ಬಾಗಿಲಿನ ಅಗಳಿ ಬೀಳ್ತದ. ಸ್ವಂತ ಮೊಮ್ಮಗ ಕೇಳಿಲ್ಲ. ಅಂದಮ್ಯಾಲೆ ಇದನ್ನ ಹಿಡಿದಿದ್ದು ಹೆಣ್ಮಗಳು. ಹಿಡಿದಾಕಿ ಗುರುದೇವಿ ಒಬ್ಬಾಕಿನೇ. ಅಕಿ ಇದನ್ನ ಯಾರಿಗೂ ಕೊಟ್ಟಿಲ್ಲ, ನಿಮಗೂ ಕೇಳ್ಸಿಲ್ಲ. ಇದ್ದಿದ್ದು ಆ ರೆಕಾರ್ಡರಿನ್ಯಾಗ, ರೆಕಾರ್ಡರ್ ಇದ್ದಿದ್ದು ಆ ಚೀಲದಾಗ. ಚೀಲ ಇದ್ದವನ ಹತ್ತಿರಷ್ಟೇ ಈ ಹಾಡು."

"ನಾನು... ಫೋನ್ ಅಲ್ಲಿಟ್ಟು ಹೊರಗೆ ಹೋಗಿದ್ದೆ."

"ಈಗ ಎದುರಿಗೇ ಕುಂತಿದ್ರಿ. ಇನ್ನೊಮ್ಮೆ ಹಚ್ರಿ, ಹಾಡಿನ ನಡುವ ಗುರುದೇವಿ ಬಿದ್ದುಬಿದ್ದು ನಗಾಕತ್ತಾಳ. ಅಕಿಯ ಪ್ರಶ್ನೆಗಳನ್ನ ಕತ್ತರಿಸಿದ್ರಿ. ಹಾಡಿನಾಗ ಬೆರೆತ ನಗೀನ ಕತ್ತರಿಸಾಕ ಆಗ್ಲಿಲ್ಲ. ಎರಡು ವರ್ಷದ ಹಿಂದ ಅಕಿ ಅಲ್ಲಿ ಹೆಂಗ ಬಂದ್ಲು?"

ಅವನ ಕಾರಿನ ಹಿಂಬದಿಯಲ್ಲಿ, ಅಭಿನಂದನೆಗೆ ತಂದಿದ್ದ ಶಾಲುಗಳ ಕೆಳಗೆ, ಬಟ್ಟೆಚೀಲ ಸಿಕ್ಕಿತು. ಕೋಣೆಯ ಕೀಲಿಯೂ ಅಲಮಾರಿಯ ಕೀಲಿಯೂ ಅವನ ಕೈಯಲ್ಲೇ ಇದ್ದವು. ಕೊಂಡಿ ಕಿತ್ತದ್ದು ಅಸದನ ಕೊರಳಿಗೆ ಹಾಕಲು. ಪ್ರೊಫೆಸರ್ ಪದವಿಯ ಸಂದರ್ಶನ ಹತ್ತಿರವಿತ್ತು. ಹೊಸ ಸಂಶೋಧನೆ ಬೇಕಿತ್ತು. ಗುರುದೇವಿ ವೈವಾದಲ್ಲಿ ಬಿದ್ದರೆ ಕೇಳುವವರೇ ಇಲ್ಲ. ವರ್ಷಗಟ್ಟಲೆ ಪಾಠ ಮಾಡಿದವನಿಗೆ ತಾನು ಹೊಕ್ಕ ಕೋಣೆಯಲ್ಲಿ ಹೆಂಗಸರು ಬಾಯಿ ಮುಚ್ಚುತ್ತಾರೆಂಬುದು ಒಮ್ಮೆಯೂ ಕೇಳಿಸಿರಲಿಲ್ಲ. ಮೌನವನ್ನು ಗೌರವ ಎಂದುಕೊಂಡಿದ್ದ.

*

ಅಸದನ ಅಮಾನತು ರದ್ದಾಯಿತು. ಕ್ಷಮೆಯನ್ನು ಮಾತ್ರ ಯಾರೂ ಕೇಳಲಿಲ್ಲ.

"ಕೋರ್ಟಿನ್ಯಾಗ ಹಾಡು ಹಚ್ತಾರೇನು?" ಮಕ್ತುಂಬಿ ಶಿವರಂಜನಿಯನ್ನು ಕೇಳಿದಳು.

"ಹಚ್ಚಬೇಕಾಗ್ತದ ಅಮ್ಮ. ಸಾಕ್ಷಿ ಅದು."

"ಜಡ್ಜ್ ಯಾರು?"

"ಹೆಣ್ಮಗಳು."

"ವಕೀಲರು?"

"ಗಂಡಸರು."

"ಅವರನ್ನ ಹೊರಗ ಕುಂದ್ರಸು. ಜಡ್ಜಮ್ಮಗ ನಾನೇ ಹಾಡಿ ತೋರಸ್ತೀನಿ."

ವೈವಾ ಒಂದು ವಾರ ಮುಂದೆ ಹೋಯಿತು. ಪೊಲೀಸರು ಕೋರ್ಟಿನ ಅಪ್ಪಣೆಯಿಂದ ಮಾಡಿಕೊಟ್ಟ ನಕಲುಗಳನ್ನು ಗುರುದೇವಿ ಒಂದೊಂದಾಗಿ ಕೇಳಿಸಿದಳು. ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರು ಮುಂದಕ್ಕೆ ಬಾಗಿದರು.

"ಆ ಹಾಡು? ಎಲ್ಲರೂ ಅದರ ಬಗ್ಗೆಯೇ ಹೇಳುತ್ತಾರೆ."

"ಕೇಳ್ಸೂದಿಲ್ರಿ ಸರ್."

"ಅಂಕ ಕಡಿಮೆಯಾಗಬಹುದು."

"ಆಗ್ಲಿ. ಮಾತು ಕೊಟ್ಟೀನಿ."

ಪರೀಕ್ಷಕರು ಅವಳನ್ನೇ ನೋಡಿದರು. ಪ್ರಬಂಧ ಮುಚ್ಚಿದರು. ಪಾಸು ಎಂದು ಬರೆದು ಸಹಿ ಹಾಕಿದರು.

ಹೊರಗೆ ಬೆಂಚಿನ ಮೇಲೆ ಮಕ್ತುಂಬಿ ಕಾಯುತ್ತಿದ್ದಳು. ಗುರುದೇವಿ ಬಾಗಿಲು ದಾಟಿ ಬಂದವಳೇ ನಕ್ಕಳು. ಒಳಗಿದ್ದ ಗಂಡಸರಿಗೆ ಕೇಳಿಸಿದ್ದು ಆ ನಗುವಷ್ಟೇ.