ನೀಲಾಜಿ ಸೀತಾಫಲ ಕಾಯಿ ಕಚ್ಚಿಸಿದ ಕತೆ

ಬಹು ಹಿಂದೆ ಹೊನ್ನಾರು ಎಂಬ ರಾಜ್ಯದಲ್ಲಿ ಮನೆಗೊಂದು ಹಿತ್ತಲು, ಹಿತ್ತಲಿಗೆ ಮೂರು ನಾಲ್ಕು ಸೀತಾಫಲದ ಗಿಡ. ಅಲ್ಲಿಗೆ ಹೊಗೆಬಾಯ ಎಂಬ ಮಾಂತ್ರಿಕ ಬಂದ. ರಾಜ್ಯದ ಜೇನು, ದುಂಬಿ, ಸಣ್ಣ ಹುಳ ಎಲ್ಲವನ್ನೂ ಮಂತ್ರ ಹಾಕಿ ತಾಮ್ರದ ಹಂಡೆಗೆ ತುಂಬಿ ಮುಚ್ಚಳ ಬಿಗಿದ. ಹೂ ಬಿಟ್ಟವು, ಉದುರಿದವು. ಯಾರ ಹಿತ್ತಲಲ್ಲೂ ಒಂದು ಕಾಯಿ ಕಚ್ಚಲಿಲ್ಲ. ಹಣ್ಣು ಬೇಕಾದವರು ಅವನ ಮಾಯದ ತೋಟಕ್ಕೇ ಹೋಗಬೇಕು. ಊರಿಗೆಲ್ಲ ಒಬ್ಬನೇ ಮಾರುವವನಾದರೆ ಸರಕು ಹೇಗಿರುತ್ತದೆ? ನೋಡಲು ಚೆಂದ, ಬಾಯಿಗಿಟ್ಟರೆ ಹಸಿ ಹಿಟ್ಟು.

ಅದನ್ನು ಅವನೆದುರೇ ಹೇಳಿದವನು ಬುಗುರಿ ಕಡೆಯುವ ಚೆಲುವಯ್ಯ ಒಬ್ಬನೇ. "ಸ್ವಾಮಿ, ಇದನ್ನ ತಿನ್ನೋಕೆ ಕೊಡ್ತೀರೋ, ಗೋಡೆಗೆ ಮೆತ್ತೋಕೋ?" ಎಂದ. ಹೊಗೆಬಾಯ ಉಫ್ ಎಂದು ಊದಿದ. ಚೆಲುವಯ್ಯ ಟಗರಾದ. ಮಾತು ಮಾತ್ರ ಉಳಿಯಿತು.

ಅವನ ಹೆಂಡತಿ ನೀಲಾಜಿ ಮರದ ಬೊಂಬೆಗೆ ಬಣ್ಣ ಬರೆಯುವವಳು. ಟಗರಿನ ಹಗ್ಗ ಹಿಡಿದು ಮಾಂತ್ರಿಕನ ಬಾಗಿಲಿಗೆ ಹೋದಳು.

"ನಿನ್ನ ಹಿತ್ತಲಲ್ಲೇ ಬೆಳೆದ ಹಣ್ಣು ತಿನ್ನಿಸಮ್ಮ, ಮನುಷ್ಯ ಆಗ್ತಾನೆ," ಎಂದು ಅವನು ನಕ್ಕ. "ಅಂಥ ಹಣ್ಣು ಒಂದಾದರೆ ನನ್ನ ಹಂಡೆಯೂ ಒಡೀತದೆ. ದೀಪಾವಳಿ ದಾಟಿದರೆ ಮಾತ್ರ ಇವನು ಸಾಯೋವರೆಗೂ ಟಗರೇ."

ನೀಲಾಜಿ ಅಳುತ್ತ ಕೂರಲಿಲ್ಲ. ಹುಳ ಮಾಡುವುದಾದರೂ ಏನು, ಹೂವಿನ ಪುಡಿ ಹೊರುವ ಕೆಲಸ ತಾನೆ? ಬೊಂಬೆಗೆ ಕಣ್ಣು ಬರೆಯುವ ಅಳಿಲುಕೂದಲ ಕುಂಚ ಹಿಡಿದು ಹಿತ್ತಲಿಗೆ ಇಳಿದಳು.

ಮೊದಲ ಸಲ, ಅರಳಿದ ಹೂವಿನ ಪುಡಿಯನ್ನು ಅದೇ ಹೂವಿಗೆ ಬಳಿದಳು. ನಾಲ್ಕು ದಿನಕ್ಕೆ ಎಲ್ಲ ಉದುರಿದವು.

"ಹೂವಿಗೆ ಕಚಗುಳಿ ಇಟ್ಟೆ, ಅಷ್ಟೇ," ಎಂದಿತು ಟಗರು.

"ನೀವು ಹುಲ್ಲು ತಿನ್ನಿ."

ಎರಡನೆಯ ಸಲ, ಅಗಲ ಅರಳಿದ ಒಂದು ಹೂವಿನ ಪುಡಿಯನ್ನು ಅಷ್ಟೇ ಅಗಲ ಅರಳಿದ ಇನ್ನೊಂದಕ್ಕೆ ಬಳಿದಳು. ಅವೂ ಉದುರಿದವು.

"ಉದುರೋದರಲ್ಲಿ ಊರಿಗೇ ನಮ್ಮ ಗಿಡ ಮುಂದು ಕಣೇ."

ನೀಲಾಜಿ ಈ ಸಲ ಕುಂಚ ಕೆಳಗಿಟ್ಟಳು. ಒಂದೇ ಒಂದು ಹೂವಿನ ಕೆಳಗೆ ಮಣೆ ಹಾಕಿಕೊಂಡು ಎರಡು ದಿನ ಕೂತಳು. ಮೊದಲ ದಿನ ಅದರ ಮೂರು ದಪ್ಪ ಎಸಳು ತುಸುವೇ ಬಿರಿದವು. ಒಳಗಿನ ಮೊನೆ ಒದ್ದೆಯಾಗಿ ಹೊಳೆಯಿತು, ಪುಡಿ ಇರಲಿಲ್ಲ. ಮಾರನೆಯ ದಿನ ಎಸಳು ಅಗಲ ತೆರೆದು ಪುಡಿ ಸುರಿಯಿತು. ಆಗ ಮೊನೆ ಒಣಗಿತ್ತು.

"ರೀ, ತಿಳೀತು. ಒಂದೇ ಹೂವು ಮೊದಲ ದಿನ ಹೆಣ್ಣು, ಮಾರನೇ ದಿನ ಗಂಡು. ನಿನ್ನೆ ಬಿರಿದ ಹೂವಿನ ಪುಡಿ ಇವತ್ತು ಬಿರಿದ ಹೂವಿಗೆ ಹೋಗಬೇಕು."

"ಇದನ್ನ ಹುಳಕ್ಕೆ ಯಾರು ಹೇಳಿಕೊಟ್ಟರೇ?" ಎಂದಿತು ಟಗರು. ಅದರ ದನಿಯಲ್ಲಿ ಈ ಸಲ ಕುಹಕ ಇರಲಿಲ್ಲ.

ಮೂರನೆಯ ಸಲ, ಬೆಳಕು ಹರಿಯುತ್ತಲೇ ನಿನ್ನೆಯ ಹೂಗಳನ್ನು ಕುಂಕುಮದ ಭರಣಿಯೊಳಗೆ ತಟ್ಟಿ ಪುಡಿ ಉದುರಿಸಿಕೊಂಡಳು. ಅರೆಬಿರಿದ ಹೂವಿನ ಎಸಳನ್ನು ಬೆರಳಲ್ಲಿ ಸರಿಸಿ, ಮೊನೆಯ ಸುತ್ತಲೂ ಕುಂಚ ಆಡಿಸಿದಳು. ಹೊಗೆಬಾಯನ ಮೂಗಿಗೆ ಇದರ ವಾಸನೆ ಬಡಿಯಿತು. ಪುಡಿ ಹಾರಿಸಿಬಿಡು ಎಂದು ಮಂತ್ರ ಊದಿ ಮಾಡಿದ ಗಾಳಿಕೋಣವನ್ನು ಅಟ್ಟಿದ. ಕೋಣ ಬೇಲಿ ಹಾರಿ ಬುಸುಗುಟ್ಟಿತು. ನೀಲಾಜಿ ಭರಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಟಗರು ಹಗ್ಗ ಕಿತ್ತುಕೊಂಡು ಹೋಗಿ ಹಾಯಿತು. ಕೋಣದೊಳಗೆ ಇದ್ದದ್ದು ಬರೀ ಗಾಳಿ. ಕೊಂಬು ತಾಗಿದ್ದೇ ಬುಸ್ಸೆಂದು ಇಳಿದುಹೋಯಿತು.

ಹನ್ನೊಂದು ಕಾಯಿ ಕಚ್ಚಿದವು. ಹೊಗೆಬಾಯನ ಮಂತ್ರ ನಡೆಯುತ್ತಿದ್ದದ್ದು ಹುಳಗಳ ಮೇಲೆ, ಕಚ್ಚಿದ ಕಾಯಿಯ ಮೇಲಲ್ಲ. ದೀಪಾವಳಿಗೆ ಮೂರು ದಿನ ಇದೆ ಎನ್ನುವಾಗ ಒಂದು ಕಾಯಿ ಬಲಿತು ಕಣ್ಣು ಬಿಟ್ಟಿತು. ಕೊಯ್ದು ಹುಲ್ಲಿನಲ್ಲಿ ಇಟ್ಟಳು. ಹಬ್ಬದ ಬೆಳಿಗ್ಗೆ ಮೆತ್ತಗಾಗಿತ್ತು. ಬಿಡಿಸಿ ಟಗರಿನ ಬಾಯಿಗಿಟ್ಟಳು. ಕೊಂಬು ಕಳಚಿತು, ಉಣ್ಣೆ ಉದುರಿತು. ಚೆಲುವಯ್ಯ ಉಳಿದರ್ಧಕ್ಕೆ ಕೈ ಚಾಚಿದ. ಆ ಹೊತ್ತಿಗೇ ಹಂಡೆ ಒಡೆಯಿತು. ಹೊಗೆಬಾಯ ಮುಂದೆ, ಜೇನು ಹಿಂದೆ. ಏಳು ಬೆಟ್ಟ ದಾಟುವವರೆಗೂ ಅವು ಅವನನ್ನು ಬಿಡಲಿಲ್ಲ.

ಹುಳಗಳು ಬಂದವು. ಆದರೂ ನೀಲಾಜಿ ಕುಂಚ ಬಿಡಲಿಲ್ಲ; ಕೇರಿಯ ಹೆಂಗಸರಿಗೂ ಕಲಿಸಿದಳು. ಹುಳ ಅವಸರದಲ್ಲಿ ಮುಟ್ಟಿಹೋದ ಹೂವಿನ ಹಣ್ಣು ಒಂದು ಕಡೆ ತುಂಬಿ ಇನ್ನೊಂದು ಕಡೆ ಸೊಟ್ಟಗಾಗುತ್ತದೆ. ಅವಳು ಸುತ್ತಲೂ ಬಳಿದದ್ದು ಎಲ್ಲ ಕಡೆಯೂ ದುಂಡಗೆ. ಸಂತೆಯಲ್ಲಿ ನೂರು ಬುಟ್ಟಿ ಇದ್ದರೂ ಅವಳ ಬುಟ್ಟಿ ಯಾವುದೆಂದು ಯಾರೂ ಕೇಳಬೇಕಿರಲಿಲ್ಲ.

ಹೊನ್ನಾರಿನ ಜನ ಹಣ್ಣು ತಿಂದು, ಬೀಜ ಉಗಿದು, ಉಗಿದಲ್ಲೆಲ್ಲ ಗಿಡ ಎದ್ದು, ಎಲ್ಲರೂ ಸುಖವಾಗಿದ್ದರು.